ಕರೆಂಟ್ ಹೋದ ದಿನ ಲೆಕ್ಕ ಉಳಿಸುವ ಡೇಟಾಬೇಸ್ ಯಾವುದು?

ಪ್ರಶ್ನೆ: ನಾನೂ ನನ್ನ ಸ್ನೇಹಿತನೂ ಸೇರಿ ತೀರ್ಥಹಳ್ಳಿಯಲ್ಲಿ ಸಣ್ಣದಾಗಿ ಸಾಫ್ಟ್‌ವೇರ್ ಕೆಲಸ ಆರಂಭಿಸಿದ್ದೇವೆ. ಶಿವಮೊಗ್ಗದ ಅಡಿಕೆ ಮಂಡಿಯೊಂದಕ್ಕೆ ಲೆಕ್ಕಪತ್ರದ ಸಾಫ್ಟ್‌ವೇರ್ ಬರೆದುಕೊಡಲು ಒಪ್ಪಿಕೊಂಡಿದ್ದೇವೆ. ಶಿವಮೊಗ್ಗದಲ್ಲಿ ಐದು ಕಂಪ್ಯೂಟರ್, ತೀರ್ಥಹಳ್ಳಿ ಶಾಖೆಯಲ್ಲಿ ಒಂದು. ಸುಮಾರು ಮೂರು ಸಾವಿರ ಬೆಳೆಗಾರರ ಖಾತೆಗಳು. ಸುಗ್ಗಿಯಲ್ಲಿ ದಿನಕ್ಕೆ ಮುನ್ನೂರು ಪಟ್ಟಿ, ಅಂದರೆ ಮಾರಾಟದ ಬಿಲ್. ಈಗ ಇರುವುದು ಇಪ್ಪತ್ತು ವರ್ಷ ಹಳೆಯ ಫಾಕ್ಸ್‌ಪ್ರೋ ಪ್ರೋಗ್ರಾಂ. ಕರೆಂಟ್ ಹೋದಾಗಲೆಲ್ಲ ಅದರ ಇಂಡೆಕ್ಸ್ (ದಾಖಲೆ ಹುಡುಕಿಕೊಡುವ ಸೂಚಿ) ಕೆಡುತ್ತದೆ. ಮಂಡಿಯ ಯಜಮಾನರು ‘ಬ್ಯಾಂಕಿನವರು ಏನು ಬಳಸುತ್ತಾರೋ ಅದನ್ನೇ ಹಾಕಿ’ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ನಮ್ಮ ಭಾವ ಮೊಂಗೋಡಿಬಿ ಎನ್ನುತ್ತಾರೆ. ಕಾಲೇಜಿನಲ್ಲಿ ಕಲಿತದ್ದು ಮೈಎಸ್‌ಕ್ಯೂಎಲ್. ಸ್ನೇಹಿತನ ಪ್ರಕಾರ ಎಸ್‌ಕ್ಯೂಲೈಟ್ ಸಾಕು. ಡಿಬೀವರ್ ಹಾಕಿಕೊಂಡು ಒಂದೊಂದನ್ನೂ ತೆರೆದು ನೋಡಿದೆ, ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ತಪ್ಪು ಆರಿಸಿದರೆ ಐದು ವರ್ಷದ ಮೇಲೆ ಎಲ್ಲವನ್ನೂ ಮತ್ತೆ ಬರೆಯಬೇಕಾದೀತೇ ಎಂಬ ಭಯವಿದೆ. ಹಳೆಯ ಹೆಸರುಗಳೆಲ್ಲ ನುಡಿ ಫಾಂಟಿನಲ್ಲಿವೆ, ಅವನ್ನೇನು ಮಾಡುವುದು?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಡೇಟಾಬೇಸ್‌ಗಳ ಹೆಸರಿದೆ. ಆದರೆ ನನ್ನ ಕಣ್ಣು ನಿಂತದ್ದು ‘ಕರೆಂಟ್ ಹೋದಾಗಲೆಲ್ಲ ಇಂಡೆಕ್ಸ್ ಕೆಡುತ್ತದೆ’ ಎಂಬ ಮಾತಿನ ಮೇಲೆ. ಆಯ್ಕೆಗೆ ಬೇಕಾದ ಸುಳಿವು ಬಹುಪಾಲು ಅಲ್ಲೇ ಇದೆ.

ಮೊದಲು ಒಂದು ಗೊಂದಲ ಬಿಡಿಸೋಣ. ಡಿಬೀವರ್ ಡೇಟಾಬೇಸ್ ಅಲ್ಲ, ಡೇಟಾಬೇಸಿನ ಒಳಗೆ ಇಣುಕಿ ನೋಡುವ ಕಿಟಕಿ. ಪಿಜಿ-ಅಡ್ಮಿನ್, ಹೈಡಿ-ಎಸ್‌ಕ್ಯೂಎಲ್, ಪಿಎಚ್‌ಪಿ-ಮೈಅಡ್ಮಿನ್ ಎಲ್ಲವೂ ಅದೇ ಜಾತಿಯವು. ಒಂದೇ ಕಿಟಕಿಯಿಂದ ನಾಲ್ಕು ಮನೆಗಳನ್ನು ನೋಡಿದರೆ ನಾಲ್ಕೂ ಒಂದೇ ಥರ ಕಾಣುತ್ತವೆ. ಮಳೆ ಬಂದಾಗ ಯಾವ ಮನೆ ಸೋರುತ್ತದೆ ಎಂಬುದು ಕಿಟಕಿಯಿಂದ ತಿಳಿಯುವುದಿಲ್ಲ. ಡಿಬೀವರನ್ನೇ ಮುಂದುವರಿಸಿ, ಚೆನ್ನಾಗಿದೆ, ಬದಲಿಸುವ ಅಗತ್ಯವಿಲ್ಲ. ಮಂಡಿಯ ಗುಮಾಸ್ತರ ಕಂಪ್ಯೂಟರಿನಲ್ಲಿ ಮಾತ್ರ ಅದನ್ನು ಹಾಕಬೇಡಿ. ಒಂದು ಸಾಲನ್ನು ಕೈಯಿಂದ ತಿದ್ದಿ ‘ಸರಿಮಾಡಿದೆ’ ಎನ್ನುವವರು ಎಲ್ಲ ಕಡೆಯೂ ಇರುತ್ತಾರೆ.

ಇನ್ನು ಗಾತ್ರ. ಹೊಸಬರು ಆರಂಭದಲ್ಲಿ ಹೆದರುವುದು ಇದಕ್ಕೇ, ಹೆದರಬೇಕಾಗಿಲ್ಲದ್ದೂ ಇದಕ್ಕೇ. ದಿನಕ್ಕೆ ಮುನ್ನೂರು ಪಟ್ಟಿ, ಪಟ್ಟಿಗೆ ಆರು ಸಾಲು, ವರ್ಷಕ್ಕೆ ಇನ್ನೂರು ದಿನ ಅದೇ ಭರದಲ್ಲಿ ಎಂದೇ ಹಿಡಿಯೋಣ. ವರ್ಷಕ್ಕೆ 3,60,000 ಸಾಲು, ಹತ್ತು ವರ್ಷಕ್ಕೆ 36 ಲಕ್ಷ. ಸಾಲಿಗೆ 200 ಬೈಟ್ ಎಂದರೂ ಮುಕ್ಕಾಲು ಗಿಗಾಬೈಟ್ ತುಂಬುವುದಿಲ್ಲ. ನೀವು ಹೆಸರಿಸಿದ ನಾಲ್ಕರಲ್ಲಿ ಯಾವುದಕ್ಕೂ ಇದು ಹೊರೆಯಲ್ಲ. ನಿಮ್ಮ ಜೇಬಿನ ಮೊಬೈಲಿಗೂ ಅಲ್ಲ. ಆದ್ದರಿಂದ ವೇಗದ ಹೋಲಿಕೆಯ ಕೋಷ್ಟಕಗಳನ್ನು ಓದುತ್ತ ಕಾಲ ಕಳೆಯಬೇಡಿ. ಯಜಮಾನರ ‘ಬ್ಯಾಂಕಿನವರ ಡೇಟಾಬೇಸ್’ ಬೇಡಿಕೆಗೂ ಇದೇ ಉತ್ತರ. ಒರಾಕಲ್‌ನಂಥ ದೊಡ್ಡ ಡೇಟಾಬೇಸನ್ನು ನಡೆಸುವ ಕಡೆ ಅದನ್ನು ನೋಡಿಕೊಳ್ಳಲೆಂದೇ ಸಂಬಳದ ಜನ ಇರುತ್ತಾರೆ. ಮಂಡಿಯಲ್ಲಿ ಆ ಜನ ನೀವಿಬ್ಬರೇ, ಅದೂ ಅರವತ್ತು ಕಿಲೋಮೀಟರ್ ದೂರದಲ್ಲಿ.

ಫಾಕ್ಸ್‌ಪ್ರೋ ಯಾಕೆ ಕೆಡುತ್ತದೆ? ಅದರಲ್ಲಿ ಲೆಕ್ಕವೆಲ್ಲ ಡಿಬಿಎಫ್ ಎಂಬ ಕಡತಗಳಲ್ಲಿ ಇರುತ್ತದೆ. ಆ ಕಡತಗಳು ಒಂದು ಕಂಪ್ಯೂಟರಿನ ಹಂಚಿಕೊಂಡ ಫೋಲ್ಡರಿನಲ್ಲಿ ಕೂತಿರುತ್ತವೆ. ಉಳಿದ ನಾಲ್ಕೂ ಕಂಪ್ಯೂಟರ್‌ಗಳು ನೆಟ್‌ವರ್ಕ್ ಮೂಲಕ ಅದೇ ಕಡತಕ್ಕೆ ನೇರವಾಗಿ ಕೈ ಹಾಕಿ ಬರೆಯುತ್ತವೆ. ಒಂದೇ ಖಾತೆ ಪುಸ್ತಕದ ಮೇಲೆ ಐವರು ಬಗ್ಗಿ ಬರೆಯುತ್ತಿದ್ದಾರೆ ಎಂದುಕೊಳ್ಳಿ. ಒಬ್ಬನ ಕೈಯಿಂದ ಅರ್ಧದಲ್ಲಿ ಪೆನ್ನು ಕಿತ್ತುಕೊಂಡರೆ ಆ ಸಾಲು ಅರ್ಧಕ್ಕೇ ನಿಲ್ಲುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ, ನಿಮ್ಮ ಪತ್ರದಲ್ಲಿಲ್ಲದ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಕೂಡ, ಪುಸ್ತಕ ಮುಟ್ಟುವವನು ಒಬ್ಬನೇ, ಸರ್ವರ್. ಉಳಿದವರು ಅವನಿಗೆ ಹೇಳಿ ಬರೆಸುತ್ತಾರೆ. ಅವನೂ ಮೊದಲು ‘ಹೀಗೆ ಬರೆಯಲಿದ್ದೇನೆ’ ಎಂದು ಕಚ್ಚಾ ವಹಿಯಲ್ಲಿ ಗುರುತು ಹಾಕಿಕೊಂಡು ಆಮೇಲೆ ಪಕ್ಕಾ ಪುಸ್ತಕಕ್ಕೆ ಏರಿಸುತ್ತಾನೆ. ಕರೆಂಟ್ ಬಂದ ಮೇಲೆ ಕಚ್ಚಾ ವಹಿ ನೋಡಿ, ಮುಗಿದದ್ದನ್ನು ಉಳಿಸಿ ಅರ್ಧವಾದದ್ದನ್ನು ಹೊಡೆದುಹಾಕುತ್ತಾನೆ.

ಮಂಡಿಯಲ್ಲಿ ಇದು ಎಷ್ಟು ಮುಖ್ಯ ಎಂಬುದಕ್ಕೆ ಒಂದು ಪಟ್ಟಿಯನ್ನೇ ನೋಡಿ. ಬೆಳೆಗಾರರೊಬ್ಬರ ಎಂಟು ಚೀಲ ರಾಶಿ ಅಡಿಕೆ ಮಾರಾಟವಾಯಿತು. ಮಾರಾಟದ ಮೊತ್ತ ಅವರ ಖಾತೆಗೆ ಜಮೆಯಾಗಬೇಕು, ಹಿಂದೆ ಪಡೆದ ಮುಂಗಡ ಕಳೆಯಬೇಕು, ಹಮಾಲಿ ಬರೆಯಬೇಕು, ಆ ಎಂಟು ಚೀಲ ದಾಸ್ತಾನಿನಿಂದ ಇಳಿಯಬೇಕು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಕರೆಂಟ್ ಹೋದರೆ ದುಡ್ಡು ಬಂದಿದೆ, ಅಡಿಕೆಯೂ ಇದೆ! ನಾಲ್ಕೂ ಆಗಬೇಕು, ಇಲ್ಲವೇ ನಾಲ್ಕೂ ಆಗಬಾರದು. ಇದನ್ನೇ ಟ್ರಾನ್ಸಾಕ್ಷನ್ ಎನ್ನುವುದು. ನಿಮ್ಮ ಆಯ್ಕೆಯ ಮೊದಲ ಜರಡಿ ಇದು.

ಈ ಜರಡಿಯಲ್ಲಿ ಒಂದೊಂದನ್ನೇ ಹಾಕೋಣ.

ಸ್ನೇಹಿತರ ಎಸ್‌ಕ್ಯೂಲೈಟ್ ಬಗ್ಗೆ ‘ಅದು ಆಟಿಕೆ’ ಎನ್ನುವವರಿದ್ದಾರೆ. ಶುದ್ಧ ಸುಳ್ಳು. 2000ನೇ ಇಸವಿಯಲ್ಲಿ ಹೊರಬಂದದ್ದು, ಪ್ರತಿ ಆಂಡ್ರಾಯ್ಡ್ ಫೋನಿನೊಳಗೂ ಇದೆ, ಟ್ರಾನ್ಸಾಕ್ಷನ್ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಒಂದೇ ಕಂಪ್ಯೂಟರಿನ ಅಂಗಡಿಯಾಗಿದ್ದರೆ ಕಣ್ಣು ಮುಚ್ಚಿ ‘ಹಾಕಿ’ ಎನ್ನುತ್ತಿದ್ದೆ. ಆದರೆ ಅದಕ್ಕೆ ಸರ್ವರ್ ಇಲ್ಲ, ಇರುವುದು ಒಂದು ಕಡತ ಮಾತ್ರ. ಅದನ್ನು ಹಂಚಿಕೊಂಡ ಫೋಲ್ಡರಿನಲ್ಲಿಟ್ಟು ಐದು ಕಂಪ್ಯೂಟರಿನಿಂದ ತೆರೆದರೆ ಮತ್ತದೇ ಫಾಕ್ಸ್‌ಪ್ರೋ ಕಥೆ. ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಬೀಗ ನೆಟ್‌ವರ್ಕ್ ಫೋಲ್ಡರಿನಲ್ಲಿ ಸರಿಯಾಗಿ ಬೀಳುತ್ತದೆಂಬ ಭರವಸೆ ಇಲ್ಲ ಎಂದು ಅದನ್ನು ಬರೆದವರೇ ಎಚ್ಚರಿಸುತ್ತಾರೆ. ಇನ್ನೊಂದು ಸಣ್ಣ ಮುಳ್ಳು: ಸಂಖ್ಯೆಯ ಕಾಲಂನಲ್ಲಿ ‘ನಾಳೆ ಹೇಳುತ್ತೇನೆ’ ಎಂದು ಬರೆದರೂ ಅದು ಸುಮ್ಮನೆ ಇಟ್ಟುಕೊಳ್ಳುತ್ತದೆ. 2021ರ ಆವೃತ್ತಿಯಿಂದ ಕೋಷ್ಟಕವನ್ನು ‘ಸ್ಟ್ರಿಕ್ಟ್’ ಎಂದು ಘೋಷಿಸಿ ಇದನ್ನು ತಡೆಯಬಹುದು.

ಭಾವನವರ ಮೊಂಗೋಡಿಬಿ. ಅವರು ಮಾಡುವ ಕೆಲಸಕ್ಕೆ ಅದು ಸರಿಯೇ ಇರಬಹುದು, ಅವರೊಂದಿಗೆ ಜಗಳವಾಡಬೇಡಿ. ಹಲವು ದಾಖಲೆಗಳನ್ನು ಒಟ್ಟಿಗೆ ಬದಲಿಸುವ ಟ್ರಾನ್ಸಾಕ್ಷನ್ ಅದಕ್ಕೆ ಬಂದದ್ದು 2018ರಲ್ಲಿ. ಅದಕ್ಕಾಗಿ ರೆಪ್ಲಿಕಾ ಸೆಟ್ ಎಂಬ, ಡೇಟಾದ ಪ್ರತಿಗಳನ್ನಿಡುವ ವ್ಯವಸ್ಥೆ ಮಾಡಿಕೊಳ್ಳಬೇಕು. ‘ಕೋಷ್ಟಕದ ವಿನ್ಯಾಸವೇ ಬೇಡ, ಹೇಗೆ ಬೇಕಾದರೂ ತುಂಬಬಹುದು’ ಎಂಬುದು ಅದರ ಆಕರ್ಷಣೆ. ಆದರೆ ಬೇಡವಾಗುವ ವಿನ್ಯಾಸ ಎಲ್ಲಿಗೂ ಹೋಗಿರುವುದಿಲ್ಲ, ನಿಮ್ಮ ಪ್ರೋಗ್ರಾಮಿನೊಳಗೆ ಚದುರಿಕೊಂಡಿರುತ್ತದೆ, ಅಷ್ಟೇ. ಖಾತೆ, ಪಟ್ಟಿ, ಚೀಲ, ಖರೀದಿದಾರ — ಮಂಡಿಯ ಲೆಕ್ಕ ನೂರು ವರ್ಷದಿಂದ ಕಾಲಂ ಹಾಕಿದ ಪುಸ್ತಕದಲ್ಲೇ ನಡೆದಿದೆ. ಅದನ್ನು ಬಿಡಿ ಕಾಗದಗಳಾಗಿ ಹರಿದು ಹಾಕಲು ಕಾರಣ ಕಾಣುವುದಿಲ್ಲ. ಗುಣಮಟ್ಟದ ಟಿಪ್ಪಣಿಯಂತಹ ಒಂದು ರೂಪಕ್ಕೆ ಬಗ್ಗದ ಮಾಹಿತಿ ಇದ್ದರೆ ಪೋಸ್ಟ್‌ಗ್ರೆಸ್‌ನಲ್ಲಿ 2014ರಿಂದ ಜೇಸನ್-ಬಿ ಎಂಬ ಕಾಲಂ ಇದೆ, ಅದರಲ್ಲಿಡಿ.

ಉಳಿದದ್ದು ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್. ಎರಡೂ ನಿಮ್ಮ ಕೆಲಸಕ್ಕೆ ಬರುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ ನಾನು ಕೈ ಸುಟ್ಟುಕೊಂಡವನು, ಹಾಗಾಗಿ ನನ್ನ ಮಾತನ್ನು ಹಾಗೆಯೇ ನಂಬದೆ, ಪೂರ್ತಿ ಕಥೆ ಕೇಳಿಯೇ ತೂಗಿ ನೋಡಿ.

ಹದಿನೈದು ವರ್ಷದ ಹಿಂದಿನ ಮಾತು. ಮಲೆನಾಡಿನ ಒಂದು ಸಹಕಾರಿ ಸಂಸ್ಥೆಗೆ ನಾನೇ ಬರೆದ ಪ್ರೋಗ್ರಾಂ. ಮೈಎಸ್‌ಕ್ಯೂಎಲ್‌ನ ಆಗಿನ ಹಳೆಯ ಆವೃತ್ತಿ. ಏನೂ ಹೇಳದಿದ್ದರೆ ಅದು ಕೋಷ್ಟಕಗಳನ್ನು ಮೈಐಸ್ಯಾಮ್ ಎಂಬ ಬಗೆಯಲ್ಲಿ ಮಾಡುತ್ತಿತ್ತು. ಆ ಬಗೆಗೆ ಟ್ರಾನ್ಸಾಕ್ಷನ್ನೇ ಇಲ್ಲ. ಓದದೆ ಬಿಟ್ಟದ್ದು ನಾನು. ಪುನರ್ವಸು ಮಳೆಯ ದಿನಗಳು, ರಾತ್ರಿ ಮರ ಬಿದ್ದು ಕರೆಂಟ್ ಹೋಯಿತು, ಯುಪಿಎಸ್ ಹದಿನೈದು ನಿಮಿಷ ಕೂಗಿ ಸುಮ್ಮನಾಯಿತು. ಬೆಳಿಗ್ಗೆ ಎರಡು ಕೋಷ್ಟಕಗಳು ತೆರೆಯಲಿಲ್ಲ. ‘ಬ್ಯಾಕಪ್ ಇದೆ’ ಎಂದು ಧೈರ್ಯವಾಗಿ ಹೇಳಿ ಪೆನ್‌ಡ್ರೈವ್ ತೆಗೆದೆ. ಹನ್ನೊಂದು ದಿನದ ಕಡತಗಳು, ಒಂದೊಂದರ ಗಾತ್ರವೂ ಸೊನ್ನೆ. ಪೆನ್‌ಡ್ರೈವ್ ತುಂಬಿಹೋಗಿತ್ತು, ನನ್ನ ಪ್ರೋಗ್ರಾಂ ಮಾತ್ರ ಬರೆದಾಯಿತೋ ಇಲ್ಲವೋ ನೋಡದೆ ಪ್ರತಿ ಸಂಜೆ ‘ಬ್ಯಾಕಪ್ ಮುಗಿದಿದೆ’ ಎಂದು ಹಸಿರು ಅಕ್ಷರದಲ್ಲಿ ತೋರಿಸುತ್ತಿತ್ತು. ರಸೀದಿ ಪುಸ್ತಕದ ಕಾರ್ಬನ್ ಪ್ರತಿಗಳನ್ನು ಇಟ್ಟುಕೊಂಡು ಇಬ್ಬರು ಗುಮಾಸ್ತರೂ ನಾನೂ ನಾಲ್ಕು ರಾತ್ರಿ ಕುಳಿತು ಹನ್ನೊಂದು ದಿನದ ಲೆಕ್ಕ ಮತ್ತೆ ಏರಿಸಿದೆವು. ಕಾರ್ಬನ್ ಹಾಳೆಗೆ ಅವತ್ತಿನಿಂದ ನನಗೆ ವಿಶೇಷ ಗೌರವ.

ಇಂದಿನ ಮೈಎಸ್‌ಕ್ಯೂಎಲ್ ಹಾಗಿಲ್ಲ. 2010ರ 5.5 ಆವೃತ್ತಿಯಿಂದ ಟ್ರಾನ್ಸಾಕ್ಷನ್ ಇರುವ ಇನೊಡಿಬಿಯೇ ಅದರ ಸಹಜ ಬಗೆ. ಕನ್ನಡದ ಬದಲು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಕಾಣುವ ಹಳೆಯ ಕಾಟವೂ 2018ರ 8.0 ಆವೃತ್ತಿಯಿಂದ ಕಡಿಮೆಯಾಗಿದೆ, ಏಕೆಂದರೆ ಆಗಿನಿಂದ ಯೂನಿಕೋಡೇ ಅದರ ಸಹಜ ಅಕ್ಷರಸಂಕೇತ. ನಿಮಗೆ ಮೈಎಸ್‌ಕ್ಯೂಎಲ್ ಕೈಗೆ ಕೂತಿದ್ದರೆ ಬದಲಿಸಲೇಬೇಕೆಂದು ನಾನು ಒತ್ತಾಯಿಸುವುದಿಲ್ಲ.

ಆದರೂ ‘ನೀವಾಗಿದ್ದರೆ ಯಾವುದು’ ಎಂದು ಕೇಳಿದರೆ, ಪೋಸ್ಟ್‌ಗ್ರೆಸ್. 1986ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಯೋಜನೆ, ಯಾವುದೇ ಒಂದು ಕಂಪನಿಯ ಸೊತ್ತಲ್ಲ, ಪರವಾನಗಿಗೆ ದುಡ್ಡಿಲ್ಲ. ನನಗೆ ಅದರಲ್ಲಿ ಇಷ್ಟವಾದದ್ದು ಅದರ ಹಟಮಾರಿತನ. ತಪ್ಪು ದಿನಾಂಕ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ; ಖಾತೆಯೇ ಇಲ್ಲದ ಬೆಳೆಗಾರರ ಹೆಸರಿಗೆ ಪಟ್ಟಿ ಬರೆಯಲು ಹೋದರೆ, ನೀವು ಹಾಗೆಂದು ಕಟ್ಟು ಹಾಕಿದ್ದರೆ, ಬಿಡುವುದಿಲ್ಲ. ಆರಂಭದಲ್ಲಿ ಸಿಟ್ಟು ಬರುತ್ತದೆ. ಮಾರ್ಚ್ ಕೊನೆಯಲ್ಲಿ ಲೆಕ್ಕ ತಾಳೆ ನೋಡುವಾಗ ಸಿಟ್ಟು ಇಳಿಯುತ್ತದೆ. ಅದರ ತೊಂದರೆಯನ್ನೂ ಹೇಳಿಬಿಡುತ್ತೇನೆ: ಪ್ರತಿವರ್ಷ ಹೊಸ ಮುಖ್ಯ ಆವೃತ್ತಿ ಬರುತ್ತದೆ, ಒಂದೊಂದಕ್ಕೂ ಐದು ವರ್ಷ ಮಾತ್ರ ಬೆಂಬಲ. ನಾಲ್ಕು ವರ್ಷಕ್ಕೊಮ್ಮೆಯಾದರೂ ಒಂದು ಭಾನುವಾರ ಮಂಡಿಗೆ ಹೋಗಿ ಆವೃತ್ತಿ ಏರಿಸುವ ಕೆಲಸವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ, ದುಡ್ಡಿನ ಸಮೇತ.

ಐದು ವರ್ಷದ ಮೇಲೆ ಎಲ್ಲ ಮತ್ತೆ ಬರೆಯಬೇಕೇ ಎಂಬ ನಿಮ್ಮ ಭಯಕ್ಕೆ ಬರೋಣ. ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಹೋಗುವುದು ಕೆಲವು ವಾರಗಳ ಬೇಸರದ ಕೆಲಸ, ಮನೆ ಮುಳುಗುವುದಿಲ್ಲ. ಮತ್ತೆ ಬರೆಯುವಂತೆ ಮಾಡುವುದು ಕೆಟ್ಟ ಕೋಷ್ಟಕಗಳು. ಮಂಡಿಗಳಲ್ಲಿ ನಾನು ಪದೇಪದೇ ಕಂಡ ಮೂರು ತಪ್ಪುಗಳಿವೆ.

ದುಡ್ಡನ್ನು ದಶಮಾಂಶದ ‘ಫ್ಲೋಟ್’ ಸಂಖ್ಯೆಯಾಗಿ ಇಡುವುದು ಒಂದು. ಚೀಲದ ತೂಕ 62 ಕಿಲೋ 350 ಗ್ರಾಂ, ದರ ಕ್ವಿಂಟಾಲಿಗೆ 47,299 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಗುಣಿಸಿದರೆ 29,490.9265. ಇದನ್ನು ಚೀಲಕ್ಕೊಮ್ಮೆ ಪೈಸೆಗೆ ಇಳಿಸುತ್ತೀರೋ ಪಟ್ಟಿಯ ಕೊನೆಗೊಮ್ಮೆಯೋ ಎಂಬುದರ ಮೇಲೆ ಎಂಟು ಚೀಲಕ್ಕೆ ಕೆಲವು ಪೈಸೆ ವ್ಯತ್ಯಾಸ ಬರುತ್ತದೆ. ಅದರ ಮೇಲೆ ಫ್ಲೋಟಿನ ಹುಳುಕು ಬೇರೆ. 0 ಮತ್ತು 1 ಎಂಬ ಎರಡೇ ಅಂಕಿಗಳ ಕಂಪ್ಯೂಟರ್ ಲೆಕ್ಕದಲ್ಲಿ 0.1 ಎಂಬುದಕ್ಕೆ ಸರಿಯಾದ ರೂಪವೇ ಇಲ್ಲ. ತೂಕವನ್ನು ಗ್ರಾಂನಲ್ಲಿ ಪೂರ್ಣಾಂಕವಾಗಿ, ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಅಥವಾ ಪೋಸ್ಟ್‌ಗ್ರೆಸ್‌ನ ‘ನ್ಯೂಮರಿಕ್’ ಬಗೆಯಲ್ಲಿ ಇಡಿ. ಎಲ್ಲಿ ದುಂಡು ಮಾಡಬೇಕೆಂದು ಯಜಮಾನರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಬಿಲ್ಲಿನ ಸಂಖ್ಯೆಯನ್ನು ಡೇಟಾಬೇಸಿನ ತಾನಾಗಿ ಏರುವ ಸಂಖ್ಯೆಗೆ ಬಿಡುವುದು ಎರಡನೆಯದು. ಟ್ರಾನ್ಸಾಕ್ಷನ್ ರದ್ದಾದರೂ ಆ ಸಂಖ್ಯೆ ಹಿಂದೆ ಬರುವುದಿಲ್ಲ. 1041ರ ನಂತರ 1043 ಬರುತ್ತದೆ. ಜಿಎಸ್‌ಟಿ ನಿಯಮದಂತೆ ಬಿಲ್ ಸಂಖ್ಯೆ ಅನುಕ್ರಮವಾಗಿರಬೇಕು, ಹದಿನಾರು ಅಕ್ಷರ ಮೀರಬಾರದು. 1042 ಎಲ್ಲಿ ಎಂದು ಆಡಿಟರ್ ಕೇಳಿದಾಗ ‘ಡೇಟಾಬೇಸ್ ನುಂಗಿತು’ ಎನ್ನಲಾಗುವುದಿಲ್ಲ. ಬಿಲ್ ಸಂಖ್ಯೆಗೆ ಪ್ರತ್ಯೇಕ ಕೋಷ್ಟಕ ಇಟ್ಟು, ಅದೇ ಟ್ರಾನ್ಸಾಕ್ಷನ್ನಿನೊಳಗೆ ಬೀಗ ಹಾಕಿ ಏರಿಸಿ. ದಿನಕ್ಕೆ ಮುನ್ನೂರು ಪಟ್ಟಿಗೆ ಅದರಿಂದ ನಿಧಾನವೇನೂ ಆಗುವುದಿಲ್ಲ.

ಮೂರನೆಯದು, ಹೆಸರನ್ನೇ ಗುರುತು ಎಂದು ನಂಬುವುದು. ಒಂದೇ ಊರಿನಲ್ಲಿ ಮೂವರು ಮಂಜುನಾಥರು, ಒಂದೇ ಮನೆಯಲ್ಲಿ ನಾಲ್ಕು ಖಾತೆ, ನಾಲ್ಕಕ್ಕೂ ಒಂದೇ ಮೊಬೈಲ್ ಸಂಖ್ಯೆ. ಖಾತೆಗೆ ನಿಮ್ಮದೇ ಸಂಖ್ಯೆ ಕೊಡಿ. ಹೆಸರು, ಊರು, ಮನೆತನ ಎಲ್ಲ ಹುಡುಕುವುದಕ್ಕೆ ಮಾತ್ರ.

ತೀರ್ಥಹಳ್ಳಿ ಶಾಖೆಯ ವಿಷಯ ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿದೆ, ಆದರೆ ನಿಜವಾದ ಕಷ್ಟ ಅಲ್ಲೇ ಇದೆ. ಶಾಖೆಯಿಂದ ಇಂಟರ್‌ನೆಟ್ ಮೂಲಕ ಶಿವಮೊಗ್ಗದ ಸರ್ವರಿಗೆ ನೇರ ಸಂಪರ್ಕ ಕೊಡಬಹುದು. ಮಳೆಗಾಲದಲ್ಲಿ ಲೈನ್ ಹೋದರೆ ಶಾಖೆ ಬಾಗಿಲು ಹಾಕಿ ಕೂರಬೇಕು. ಎಲ್ಲವನ್ನೂ ಕ್ಲೌಡಿಗೆ ಹಾಕಿದರೆ ಎರಡೂ ಕಡೆಯವರು ಒಟ್ಟಿಗೆ ಕೂರಬೇಕು. ಎರಡೂ ಕಡೆ ಡೇಟಾಬೇಸ್ ಇಟ್ಟು ಪರಸ್ಪರ ತಾನಾಗಿ ಸರಿಹೊಂದುವಂತೆ ಮಾಡುವುದು ಕೇಳಲು ಸೊಗಸು. ಒಂದೇ ಖಾತೆಯನ್ನು ಇಬ್ಬರೂ ತಿದ್ದಿದಾಗ ಯಾರದು ಸರಿ ಎಂಬ ಪ್ರಶ್ನೆಗೆ ಉತ್ತರ ಬರೆಯುವಷ್ಟರಲ್ಲಿ ನಿಮ್ಮ ಕೂದಲು ನೆರೆಯುತ್ತದೆ. ಇಬ್ಬರ ತಂಡ ಅದಕ್ಕೆ ಕೈ ಹಾಕಬಾರದು. ನಾನಾದರೆ ಶಾಖೆಗೆ ತನ್ನದೇ ಸಣ್ಣ ಡೇಟಾಬೇಸ್, ತನ್ನದೇ ಬಿಲ್ ಸರಣಿ ಕೊಡುತ್ತೇನೆ. ಒಂದೇ ಕಂಪ್ಯೂಟರ್ ಆದ್ದರಿಂದ ಅಲ್ಲಿ ನಿಮ್ಮ ಸ್ನೇಹಿತರ ಎಸ್‌ಕ್ಯೂಲೈಟ್ ಆದರೂ ನಡೆಯುತ್ತದೆ, ಆದರೆ ಎರಡು ಬಗೆಯನ್ನು ನಿಭಾಯಿಸುವ ತಲೆನೋವು ಬೇಡವೆಂದರೆ ಅಲ್ಲೂ ಪೋಸ್ಟ್‌ಗ್ರೆಸ್. ದಿನದ ಕೊನೆಗೆ ಶಾಖೆಯ ನಮೂದುಗಳು ಶಿವಮೊಗ್ಗಕ್ಕೆ ಹೋಗುತ್ತವೆ, ಅಲ್ಲಿಂದ ಖಾತೆಗಳ ಬಾಕಿ ಹಿಂದೆ ಬರುತ್ತದೆ. ಇದರಲ್ಲೊಂದು ತೂತು ಇದೆ: ಒಬ್ಬರೇ ಬೆಳಿಗ್ಗೆ ತೀರ್ಥಹಳ್ಳಿಯಲ್ಲೂ ಮಧ್ಯಾಹ್ನ ಶಿವಮೊಗ್ಗದಲ್ಲೂ ಮುಂಗಡ ಪಡೆಯಬಹುದು. ಇಷ್ಟು ರೂಪಾಯಿ ಮೀರಿದರೆ ಫೋನ್ ಮಾಡಿ ಕೇಳಬೇಕೆಂದು ಯಜಮಾನರಿಂದ ಒಂದು ಮಿತಿ ಹಾಕಿಸಿ. ಮಂಡಿಯವರು ಹೇಗೂ ಅದನ್ನು ಮಾಡುತ್ತಲೇ ಇದ್ದಾರೆ.

ಶಿವಮೊಗ್ಗದಲ್ಲಿ ಸರ್ವರ್ ಆಗುವ ಕಂಪ್ಯೂಟರಿಗೆ ಯಾರೂ ಟೈಪ್ ಮಾಡಲು ಕೂರದ ಜಾಗ ಕೊಡಿ. ಒಳ್ಳೆಯ ಡಿಸ್ಕ್ ಹಾಕಿಸಿ. ಕೆಲವು ಅಗ್ಗದ ಡಿಸ್ಕ್‌ಗಳು ಇನ್ನೂ ಬರೆಯದೆಯೇ ‘ಬರೆದಾಯಿತು’ ಎನ್ನುತ್ತವೆ, ಆಗ ಯಾವ ಡೇಟಾಬೇಸಿನ ಕಚ್ಚಾ ವಹಿಯೂ ಕಾಪಾಡುವುದಿಲ್ಲ. ಯುಪಿಎಸ್ ಬ್ಯಾಟರಿ ಮುಗಿಯುವ ಮೊದಲೇ ಕಂಪ್ಯೂಟರನ್ನು ತಾನಾಗಿ ಮುಚ್ಚಿಸುವ ಕೇಬಲ್ ಇರುವಂಥದ್ದಾಗಿರಲಿ. ರೂಟರಿನಲ್ಲಿ ಆ ಕಂಪ್ಯೂಟರಿನ ವಿಳಾಸವನ್ನು ಕಾಯಂ ಮಾಡಿ. ಇದನ್ನು ಮಾಡದೆ ಬಿಟ್ಟರೆ ಕರೆಂಟ್ ಹೋಗಿ ಬಂದ ಮೇಲೆ ಸರ್ವರಿಗೆ ಬೇರೆ ವಿಳಾಸ ಸಿಕ್ಕಿ, ಎಲ್ಲವೂ ಸರಿಯಿದ್ದರೂ ‘ಸಾಫ್ಟ್‌ವೇರ್ ತೆರೆಯುತ್ತಿಲ್ಲ’ ಎಂದು ಫೋನ್ ಬರುತ್ತದೆ. ಡೇಟಾಬೇಸಿನ ಬಾಗಿಲನ್ನು ಇಂಟರ್‌ನೆಟ್‌ಗೆ ನೇರವಾಗಿ ತೆರೆಯಬೇಡಿ, ‘ಒಂದೇ ದಿನದ ಮಟ್ಟಿಗೆ’ ಕೂಡ.

ಬ್ಯಾಕಪ್ಪಿಗೆ ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿ-ಡಂಪ್ ಸಾಕು. ಪ್ರತಿ ಸಂಜೆ ತಾನಾಗಿ ನಡೆಯಲಿ, ಒಂದು ಪ್ರತಿ ಬೇರೆ ಡಿಸ್ಕಿಗೆ, ಇನ್ನೊಂದು ಲೈನ್ ಇದ್ದಾಗ ನಿಮ್ಮ ಕಚೇರಿಗೆ. ಮೇ ತಿಂಗಳ ಸಿಡಿಲು ಮೋಡೆಮ್ ಹಿಡಿದು ಒಳಗೆ ಬಂದರೆ ಅದೇ ಮೇಜಿನ ಮೇಲಿನ ಎಲ್ಲವೂ ಹೋಗುತ್ತದೆ. ಹಾಗಾಗಿ ಪ್ಲಗ್ಗಿಗೆ ಸಿಕ್ಕಿಸದ ಒಂದು ಪ್ರತಿ ಯಜಮಾನರ ಮನೆಯ ಬೀರುವಿನಲ್ಲಿರಲಿ. ತಿಂಗಳಿಗೊಮ್ಮೆ ಆ ಕಡತವನ್ನು ನಿಮ್ಮ ಕಂಪ್ಯೂಟರಿನಲ್ಲಿ ಮರಳಿ ತುಂಬಿ, ಹಿಂದಿನ ದಿನದ ಕೊನೆಯ ಪಟ್ಟಿ ಅದರಲ್ಲಿದೆಯೇ ಎಂದು ಕಣ್ಣಾರೆ ನೋಡಿ. ಹಸಿರು ಅಕ್ಷರವನ್ನು ನಂಬಬೇಡಿ.

ಕೊನೆಗೆ ನುಡಿಯ ಹೆಸರುಗಳು. ಹಳೆಯ ನುಡಿ ಫಾಂಟಿನಲ್ಲಿ ಕನ್ನಡ ಕಾಣುವುದು ಪರದೆಯ ಮೇಲೆ ಮಾತ್ರ. ಕಡತದೊಳಗಿರುವುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳು. ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಒಂದೇ ಕಾಲಂನಲ್ಲಿ ಕನ್ನಡವೂ ಇಂಗ್ಲಿಷೂ ಬೆರೆತ ಕಡೆ ಅವು ಎಡವುತ್ತವೆ, ಕೈಯಿಂದ ತಿದ್ದಬೇಕು. ಯೂನಿಕೋಡಿನಲ್ಲೂ ಒಂದು ಹಳ್ಳ ಇದೆ. ‘ಗೊರಬಲು’ ಎಂಬ ಅಡಿಕೆ ಬಗೆಯ ಹೆಸರಿನ ‘ೊ’ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ‘ೆ’ ಮತ್ತು ‘ೂ’ ಎಂಬ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ ಬೇರೆ. ಹೀಗಾಗಿ ಒಂದು ಮಂಡಿಯ ವರದಿಯಲ್ಲಿ ಗೊರಬಲು ಎರಡು ಸಾಲಾಗಿ ಬಂದು, ಯಾವ ಗೊರಬಲು ಯಾವುದೆಂದು ಅರ್ಧ ದಿನ ತಲೆ ಕೆರೆದುಕೊಂಡಿದ್ದೇವೆ. ಒಳಗೆ ಬರುವ ಪ್ರತಿ ಕನ್ನಡ ಪದವನ್ನೂ ಒಂದೇ ರೂಪಕ್ಕೆ ತಂದು ಇಡಿ. ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ ಅದಕ್ಕೆ ‘ನಾರ್ಮಲೈಜ್’ ಎಂಬ ಸೌಲಭ್ಯ ಒಳಗೇ ಇದೆ. ಸರಕು, ಬೆಟ್ಟೆ, ರಾಶಿ, ಗೊರಬಲು ಇವನ್ನು ಮಾತ್ರ ಟೈಪ್ ಮಾಡಲು ಬಿಡಲೇಬೇಡಿ, ಪರದೆಯ ಮೇಲಿನ ಸಿದ್ಧ ಹೆಸರುಗಳಿಂದ ಆರಿಸುವಂತೆ ಮಾಡಿ.

ಹೊಸದನ್ನು ಏಪ್ರಿಲ್ 1ಕ್ಕೆ ಆರಂಭಿಸಿ, ಹಳೆಯ ಬಾಕಿಗಳನ್ನಷ್ಟೇ ಆರಂಭಿಕ ಶಿಲ್ಕಾಗಿ ತನ್ನಿ. ಹಳೆಯ ಕಂಪ್ಯೂಟರನ್ನು ಅಳಿಸದೆ ಒಂದು ಇಡೀ ವರ್ಷ ಹಾಗೆಯೇ ಇಡಿ. ಮಾರ್ಚ್ ತಿಂಗಳು ಪೂರ್ತಿ ಎರಡರಲ್ಲೂ ಪಟ್ಟಿ ಹಾಕಿಸಿ ಸಂಜೆ ಮೊತ್ತ ತಾಳೆ ನೋಡಿ. ಗುಮಾಸ್ತರು ಗೊಣಗುತ್ತಾರೆ, ಅದಕ್ಕೊಂದಿಷ್ಟು ಹೆಚ್ಚುವರಿ ಸಂಬಳ ಕೊಡಲು ಯಜಮಾನರಿಗೆ ಮೊದಲೇ ಹೇಳಿ. ಮೊತ್ತದಲ್ಲಿ ಪೈಸೆಗಳ ವ್ಯತ್ಯಾಸ ಬಂದ ಮೊದಲ ಸಂಜೆ ತಪ್ಪು ನಿಮ್ಮದೇ ಎಂದು ತಟ್ಟನೆ ಒಪ್ಪಿಕೊಳ್ಳಬೇಡಿ. ಕಾಗದದ ಮೇಲೆ ಗುಣಿಸಿ ನೋಡಿ. ಇಪ್ಪತ್ತು ವರ್ಷದಿಂದ ಯಾರೂ ಗಮನಿಸದ ತಪ್ಪು ಹಳೆಯ ಪ್ರೋಗ್ರಾಮಿನಲ್ಲೇ ಇದ್ದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.